ಘಾಟಿಯಲ್ಲಿ ಗುಡ್ಡ ಕುಸಿದಾಗ ಮಂಗಳೂರು ತಲುಪಿದ ಬಗೆ

2024ರ ಜುಲೈ ಕೊನೆಯ ವಾರ ಸಕಲೇಶಪುರ-ಸುಬ್ರಹ್ಮಣ್ಯ ಘಾಟಿ ರೈಲು ಮಾರ್ಗದ ಎಡಕುಮೇರಿ ಬಳಿ ಗುಡ್ಡ ಕುಸಿದು, ಬೆಂಗಳೂರಿನಿಂದ ಮಂಗಳೂರಿಗೆ ನಾನು ಕಾಯ್ದಿರಿಸಿದ್ದ ರಾತ್ರಿ ರೈಲು ರದ್ದಾಯಿತು.

ಮೊದಲು ಬಸ್ ಹುಡುಕಿದೆ. ಎಲ್ಲ ಸೀಟುಗಳೂ ಭರ್ತಿ. ಶಿರಾಡಿ, ಚಾರ್ಮಾಡಿ ರಸ್ತೆಗಳನ್ನು ಆ ಮಳೆಯಲ್ಲಿ ನೆಚ್ಚಿಕೊಳ್ಳುವಂತಿರಲಿಲ್ಲ. ಮಡಿಕೇರಿ, ಸಂಪಾಜೆ ಮೂಲಕ ಬರಲು ಟ್ಯಾಕ್ಸಿಯವರು ಒಪ್ಪಲಿಲ್ಲ. ಆ್ಯಪ್‌ನಲ್ಲಿ ಮಂಗಳೂರು ಎಂದು ಹಾಕಿದಾಗಲೆಲ್ಲ ಘಾಟಿ ದಾರಿಯ ರೈಲುಗಳೇ ಬಂದವು.

ತಲುಪುವ ಊರನ್ನೇ ಬದಲಿಸಿದ ಮೇಲೆ ದಾರಿ ಸಿಕ್ಕಿತು. ಹೊರಡುವ ನಿಲ್ದಾಣ ಯಶವಂತಪುರ, ತಲುಪುವುದು ಕಣ್ಣೂರು ಎಂದು ಹಾಕಿ. ಬರುವ ರೈಲುಗಳಲ್ಲಿ 16527 ಅನ್ನೇ ಆರಿಸಿ. ಇದು ಹೊಸೂರು, ಸೇಲಂ, ಕೊಯಮತ್ತೂರು, ಪಾಲಕ್ಕಾಡ್, ಕೋಳಿಕ್ಕೋಡ್ ಸುತ್ತಿ ಹೋಗುತ್ತದೆ, ಪಶ್ಚಿಮ ಘಟ್ಟವನ್ನು ಪಾಲಕ್ಕಾಡ್ ಕಣಿವೆಯಲ್ಲಿ ದಾಟುತ್ತದೆ. ಕಣ್ಣೂರಿನ ಕಡೆಗೆ ಹೋಗುವ 16511 ಸಕಲೇಶಪುರದ ದಾರಿಯದು. ಅವಸರದಲ್ಲಿ ನಾನು ಮೊದಲು ಅದನ್ನೇ ಒತ್ತಿದ್ದೆ. ಸಾಮಾನ್ಯ ಕೋಟಾದಲ್ಲಿ ಸೀಟಿಲ್ಲದಿದ್ದರೆ ಹಿಂದಿನ ದಿನ ತತ್ಕಾಲ್ ನೋಡಿ: ಎಸಿಗೆ ಬೆಳಿಗ್ಗೆ 10, ಸ್ಲೀಪರ್‌ಗೆ 11 ಗಂಟೆ. ಬೆಳಿಗ್ಗೆ ಕಣ್ಣೂರಿನಲ್ಲಿ ಇಳಿದು, ಕಾಯ್ದಿರಿಸದ ಟಿಕೆಟ್ ಪಡೆದು, ಕಾಸರಗೋಡಿನ ಮೇಲೆ ಮಂಗಳೂರು ಸೆಂಟ್ರಲ್‌ಗೆ ಹೋಗುವ ರೈಲು ಹತ್ತಿ. ಹೊರಡುವ ಮೊದಲು ಕೇರಳದ ಮಳೆಯನ್ನೂ ವಿಚಾರಿಸಿಕೊಳ್ಳಿ, ಅಲ್ಲಿಯೂ ಹಳಿ ಮೇಲೆ ನೀರು ನಿಲ್ಲುವುದುಂಟು.

ಹಳೆಯ ಇ-ಟಿಕೆಟನ್ನು ನೀವಾಗಿಯೇ ರದ್ದು ಮಾಡಬೇಡಿ. ರೈಲ್ವೆಯೇ ರೈಲನ್ನು ಪೂರ್ತಿ ರದ್ದು ಮಾಡಿದರೆ ಹಣ ತಾನಾಗಿ ಖಾತೆಗೆ ಮರಳುತ್ತದೆ. ಮಾರ್ಗ ಬದಲಾಗಿದ್ದರೆ ಮಾತ್ರ ಟಿಡಿಆರ್ (ಹಣ ವಾಪಸು ಕೇಳುವ ಅರ್ಜಿ) ಸಲ್ಲಿಸಬೇಕು.