ಹುಳು ಮೇಯುವ ಸದ್ದನ್ನು ಊರಿನವರೇ ನುಡಿಸಿದರು

ಪೊರೆ ಕಳಚಲು ಮೇವು ಬಿಟ್ಟು ಅಲುಗದೆ ಇರುವ ಹಂತಕ್ಕೆ ರೈತರು ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರ ಎದ್ದ ರೇಷ್ಮೆ ಹುಳುಗಳಿಗೆ ಸೊಪ್ಪು ಹಾಕಿ ಸುಮ್ಮನೆ ನಿಂತರೆ ಹುಳುಮನೆಯೊಳಗೆ ಸೋನೆ ಹಿಡಿದಂತಿರುತ್ತದೆ. ಹುಳು ತನ್ನ ಆಯುಸ್ಸಿನಲ್ಲಿ ತಿನ್ನುವ ಸೊಪ್ಪಿನಲ್ಲಿ ಶೇ 80ರಷ್ಟು ಈ ಕೊನೆಯ ಹಂತಕ್ಕೇ ಬೇಕು. ಪ್ರಯೋಗಶೀಲ ಸಂಗೀತ ಮಾಡುವ ನಾನು, ಜನರೆಲ್ಲ ಸೇರಿ ನುಡಿಸುವ ಕೃತಿಗೆ ಶಿಡ್ಲಘಟ್ಟದ ಕಡೆಯ ಹಳ್ಳಿಯನ್ನು ಆರಿಸಿಕೊಂಡದ್ದು ಈ ಸದ್ದಿಗಾಗಿ. ಅದನ್ನು ದಿನವೂ ಕೇಳಿ ಪಳಗಿದ ಕಿವಿಗಳು ಅಲ್ಲಿವೆ.

ಸಲಕರಣೆ ಅಗ್ಗದ್ದು. ಪೀಜೋ ಬಿಲ್ಲೆ ತಾನು ಅಂಟಿಕೊಂಡ ವಸ್ತುವಿನ ಕಂಪನವನ್ನು ಹಿಡಿಯುತ್ತದೆ. ಗಾಳಿಯಲ್ಲಿ ಬರುವ ಮಾತುಕತೆ ಅದಕ್ಕೆ ಅಷ್ಟಾಗಿ ತಾಗುವುದಿಲ್ಲ. ಬಿದಿರು ತಟ್ಟೆಯ ಅಡಿಗೆ ಅದನ್ನು ಅಂಟಿಸಿ, ಸಣ್ಣ ಸದ್ದನ್ನು ಹಿಗ್ಗಿಸುವ ಪ್ರಿ-ಆಂಪ್ಲಿಫೈಯರ್ ಮೂಲಕ ಹೆಡ್‌ಫೋನ್‌ಗೆ ಕೊಟ್ಟೆ. ಸೋಂಕು ತಗಲಿದರೆ ಬೆಳೆಯೇ ಹೋದೀತು. ಹಾಗಾಗಿ ಎಲ್ಲರೂ ಕೈಕಾಲು ತೊಳೆದು, ಕೆಲವರಾಗಿ ಮಾತ್ರ ಒಳಗೆ ಬಂದೆವು.

ಹೆಡ್‌ಫೋನ್ ಹಾಕಿಕೊಂಡ ಮನೆಯೊಡತಿ ತಟ್ಟೆಯತ್ತ ನೋಡದೆಯೇ, "ಈ ಕಡೆ ಎಲೆ ಮುಗಿದಿದೆ, ದಂಟಿಗೆ ಬಂದಿವೆ" ಎಂದರು. ನೋಡಿದರೆ ಆ ಮೂಲೆಯಲ್ಲಿ ನರಗಳಷ್ಟೇ ಉಳಿದಿದ್ದವು. ಎಲೆಯದು ಮೆತ್ತನೆಯ ಸರಸರ, ದಂಟಿನದು ಒಣ ಕಟಕಟ. ಕೃತಿಗೆ ಬೇಕಾದ ಎರಡು ಧ್ವನಿಗಳನ್ನು ಅವರೇ ಬೇರ್ಪಡಿಸಿ ಕೊಟ್ಟರು. ಒಂದಕ್ಕೆ ಒಣಗಿದ ಹಿಪ್ಪುನೇರಳೆ ಎಲೆಯನ್ನು ಅಂಗೈಯಲ್ಲಿ ಉಜ್ಜುತ್ತೇವೆ. ಇನ್ನೊಂದಕ್ಕೆ ಹುಳು ಗೂಡು ಕಟ್ಟುವ ಚಂದ್ರಿಕೆಯ ಬಿದಿರನ್ನು ಉಗುರಿನಿಂದ ಕೆರೆಯುತ್ತೇವೆ.

ಸ್ವರಲಿಪಿ ಬರೆಯಲಿಲ್ಲ. ಅಮೆರಿಕದ ಸಂಗೀತ ಸಂಯೋಜಕಿ ಪಾಲಿನ್ ಒಲಿವೆರೋಸ್ ಅವರ 'ಸೋನಿಕ್ ಮೆಡಿಟೇಶನ್ಸ್' (1974) ಸಂಗೀತ ಕಲಿಯದವರೂ ಪಾಲಿಸಬಹುದಾದ ಮಾತಿನ ಸೂಚನೆಗಳಿಂದಾದದ್ದು. ನಾನು ಹಿಡಿದದ್ದೂ ಆ ದಾರಿ. ಹುಳುವಿನ ಬಾಳಿನಂತೆ ಕೃತಿಗೂ ಐದು ಮೇವು, ನಡುವೆ ನಾಲ್ಕು ಜ್ವರ. ನುಡಿಸುವವರಿಗೆ ಕೊಟ್ಟ ಸೂಚನೆ ಹೀಗಿತ್ತು: ಪಕ್ಕದವರ ಸದ್ದು ಕೇಳಿಸದಿದ್ದರೆ ನಿಮ್ಮ ಸದ್ದು ತಗ್ಗಿಸಿ. ಜ್ವರದಲ್ಲಿ ಹುಳುವಿನಂತೆ ತಲೆ ಎತ್ತಿ ಅಲುಗದೆ ಕುಳಿತಿರಿ.

ಜ್ವರ ಯಾವಾಗ ಮುಗಿಯಬೇಕು ಎಂಬುದನ್ನು ತೀರ್ಮಾನಿಸಿದವರು ರೈತರು. ಹೆಚ್ಚುಕಡಿಮೆ ಎಲ್ಲ ಹುಳುಗಳೂ ಎದ್ದ ಮೇಲೆಯೇ ಸೊಪ್ಪು ಹಾಕುವುದು ಅವರ ಪದ್ಧತಿ. ಇಲ್ಲವಾದರೆ ಬೆಳೆ ಏರುಪೇರಾಗುತ್ತದೆ. ಆದ್ದರಿಂದ ಬಹುಪಾಲು ಜನ ತಲೆ ಇಳಿಸುವವರೆಗೆ ಯಾರೂ ಎಲೆ ಮುಟ್ಟುವಂತಿಲ್ಲ. ಅವಸರಪಟ್ಟ ಹುಡುಗನ ಮುಂಗೈಯನ್ನು ಅವನ ಅಜ್ಜಿ ಮೆಲ್ಲನೆ ಹಿಡಿದುಕೊಂಡರು. ನಾನು ಕೈಸನ್ನೆ ಮಾಡುವ ಅಗತ್ಯವೇ ಬೀಳಲಿಲ್ಲ. ಇಂಥ ಕೃತಿಯಲ್ಲಿ ನನಗೆ ಬೇಕಾಗಿದ್ದುದೂ ಅದೇ.

ನುಡಿಸದೆ ನೋಡಲು ಬಂದವರಿಗೆ ಇಲ್ಲಿ ಕುರ್ಚಿಯಿಲ್ಲ. ಬಂದವರ ಕೈಗೆ ಎಲೆ ಕೊಡುತ್ತೇವೆ. ಗೂಡು ಬೇಯಿಸಿ ನೂಲು ತೆಗೆಯುವ ಪಟ್ಟಣದ ರೀಲರ್‌ಗಳು ತಮ್ಮ ಕೆಲಸವೂ ಇದರಲ್ಲಿ ಬರಬೇಕೆಂದು ಪಟ್ಟು ಹಿಡಿದಿದ್ದಾರೆ. ಆರನೆಯ ಭಾಗ ಅವರದು. ಸೂಚನೆಗಳನ್ನು ಅವರೇ ಬರೆಯುತ್ತಿದ್ದಾರೆ.