ನಮ್ಮ ವಾಳೆ ಒಡೆದದ್ದು, ಮತ್ತೆ ಕೂಡಿದ್ದು: ನನ್ನ ಅನುಭವ

ಗುರಿಕಾರಿಕೆ ಮಾಡಿದವರಿಗೆ, ಚರ್ಚಿನ ಪಾಲನಾ ಪರಿಷತ್ತಿನಲ್ಲಿ ಕೂತು ಎದ್ದವರಿಗೆ ಬರೆಯುತ್ತಿದ್ದೇನೆ. ವಾಳೆ ಅಂದರೆ ಚರ್ಚಿನ ಕೆಳಗಿನ ಮನೆಗಳ ಒಂದು ಗುಂಪು, ಗುರಿಕಾರ ಅದರ ಮುಖಂಡ. ನೊವೆನಾ, ಅಂದರೆ ಒಂಬತ್ತು ದಿನದ ಪ್ರಾರ್ಥನೆ, ಹೇಗೆ ನಡೆಯುತ್ತದೆ ಎಂದೆಲ್ಲ ಹೇಳಲು ಹೋಗುವುದಿಲ್ಲ. "ಆ ವಾಳೆ ಇನ್ನು ಒಂದಾಗಲ್ಲ, ನೀವ್ಯಾಕೆ ತಲೆ ಕೆಡಿಸ್ಕೊಳ್ತೀರಿ" ಎಂದು ಹತ್ತು ವರ್ಷ ಹೇಳಿದವರೇ ಹೋದ ಸೆಪ್ಟೆಂಬರಿನಲ್ಲಿ ಬಂದು "ಹೇಗೆ ಮಾಡಿದ್ರಿ ಗುರ್ಕಾರ್ರೇ" ಎಂದು ಕೇಳಿದರು. ಅದಕ್ಕೇ ಈ ಬರಹ.

ಶರಾವತಿ ಹಿನ್ನೀರಿನ ಕಡೆಯ ಸಣ್ಣ ಚರ್ಚು ನಮ್ಮದು. ವಾಳೆಯಲ್ಲಿ ಮೂವತ್ತೆಂಟೋ ನಲವತ್ತೋ ಮನೆ. ಅರ್ಧಕ್ಕೂ ಹೆಚ್ಚು ಜನ ನಮ್ಮಂತೆ ಕೊಂಕಣಿಯವರು, ಅಜ್ಜಂದಿರ ಕಾಲದಲ್ಲಿ ಘಟ್ಟ ಹತ್ತಿ ತೋಟದ ಕೆಲಸಕ್ಕೆ ಬಂದವರು. ತಮಿಳಿನವರು ಲಿಂಗನಮಕ್ಕಿ ಅಣೆಕಟ್ಟಿನ ಕೆಲಸಕ್ಕೆ ಬಂದರು. 1964ರಲ್ಲಿ ಕೆಲಸ ಮುಗಿದರೂ ಇಲ್ಲೇ ಉಳಿದರು. ಆಮೇಲೆ ಶುಂಠಿ, ರಬ್ಬರ್ ಎಂದು ಬಂದ ನಾಲ್ಕೈದು ಮಲಯಾಳಿ ಮನೆ. 2007ರಲ್ಲಿ ಭದ್ರಾವತಿಯಲ್ಲಿ ಅವರದೇ ಸಿರೋ ಮಲಬಾರ್ (ಕೇರಳ ಮೂಲದ ಕಥೋಲಿಕರ) ಧರ್ಮಪ್ರಾಂತ್ಯ ಆಯಿತು. ಆದರೆ ವಾರವಾರ ಅಷ್ಟು ದೂರ ಹೋಗುವವರು ಯಾರು? ಅವರೂ ನಮ್ಮ ಬೆಂಚಿನಲ್ಲೇ ಕೂತರು.

ಜಗಳ ಹುಟ್ಟಿದ್ದು ಸೆಪ್ಟೆಂಬರ್ 8ರಲ್ಲಿ. ಮಾತೆ ಮರಿಯಮ್ಮನವರ ಜನನದ ಹಬ್ಬ ಮೂವರಿಗೂ ಅದೇ ದಿನ, ಆಚರಣೆ ಮಾತ್ರ ಬೇರೆ ಬೇರೆ. ನಮಗೆ ಮೊಂತಿ ಹಬ್ಬ: ಆಗಸ್ಟ್ 30ರಿಂದ ಒಂಬತ್ತು ದಿನ ಮಕ್ಕಳು ಹೂವು ಹಾಕಬೇಕು, ಹಬ್ಬದ ದಿನ ಹೊಸ ಭತ್ತದ ತೆನೆಗೆ ಆಶೀರ್ವಾದ ಆಗಬೇಕು, ಮನೆಯಲ್ಲಿ ಮೀನು ಮಾಂಸವಿಲ್ಲದ ಹೊಸ ಊಟ. ತಮಿಳಿನವರಿಗೆ ವೇಳಾಂಕಣಿ ಮಾತೆಯ ಹಬ್ಬ: ಆಗಸ್ಟ್ 29ಕ್ಕೇ ಬಾವುಟ ಏರಬೇಕು, ಕೊನೆಗೆ ತೇರು ಹೊರಡಬೇಕು. ಮಲಯಾಳಿಗಳಿಗೆ ಸೆಪ್ಟೆಂಬರ್ 1ರಿಂದ ಎಂಟು ದಿನದ ನೋಂಪು, ಅಂದರೆ ಉಪವಾಸ ವ್ರತ. ಒಂದು ವರ್ಷ ಬಾವುಟದ ಕಂಬ ಬಾಗಿಲಿನ ಎದುರಿಗೋ ಪಕ್ಕಕ್ಕೋ ಎಂದು ಶುರುವಾದ ಮಾತು ಕೊರಳಪಟ್ಟಿ ಹಿಡಿಯುವ ತನಕ ಹೋಯಿತು. ಹನ್ನೊಂದು ಮನೆಯವರು ಬರುವುದನ್ನೇ ಬಿಟ್ಟರು.

ನಾನೂ ಬಿಡುವವನಿದ್ದೆ. 2011ರ ಜುಲೈನಲ್ಲಿ ಅಪ್ಪ ತೀರಿಕೊಂಡರು. ಅದಕ್ಕೆ ಮುಂಚೆ ನಾನು ಚರ್ಚಿನ ಸಮಿತಿಯಲ್ಲಿ ಲೆಕ್ಕ ಕೇಳಿದ್ದೆ, ಅವರಿಗೆ ಅದರ ಸಿಟ್ಟಿತ್ತು. ಗುಂಡಿ ತೋಡಲು ಯಾರೂ ಬರಲಿಲ್ಲ. ಸುರಿಯುವ ಮಳೆಯಲ್ಲಿ ನಾನು, ತಮ್ಮ, ಪಕ್ಕದ ತೋಟದ ದೀವರ ಹುಡುಗರಿಬ್ಬರು ಸೇರಿ ಜಂಬಿಟ್ಟಿಗೆ ನೆಲ ಅಗೆದೆವು. ಅಗೆದಷ್ಟೂ ನೀರು ತುಂಬುತ್ತಿತ್ತು. ಪೆಟ್ಟಿಗೆ ಇಳಿಸುವಾಗ ಒಳಗೆ ಮೊಣಕಾಲುದ್ದ ನೀರಿತ್ತು. ಆ ಶಬ್ದ ಇವತ್ತಿಗೂ ಕಿವಿಯಲ್ಲಿದೆ.

ಮನೆಗೆ ಬಂದು "ಇನ್ನು ಆ ಚರ್ಚಿನ ಮೆಟ್ಟಿಲು ಹತ್ತಲ್ಲ" ಎಂದೆ. ಹೆಂಡತಿ ಒದ್ದೆ ಬಟ್ಟೆ ಹಿಂಡುತ್ತಾ ಅಂದಳು: "ಬಿಡೋದಾದ್ರೆ ಬಿಡಿ. ನಾಳೆ ಇನ್ನೊಬ್ಬರ ಅಪ್ಪನ್ನೂ ಹೀಗೇ ನೀರಲ್ಲಿ ಇಳಿಸ್ತಾರೆ." ಮೂರು ದಿನ ನಿದ್ದೆ ಬರಲಿಲ್ಲ. ಮರುವರ್ಷ ಗುರಿಕಾರಿಕೆಗೆ ಯಾರೂ ಮುಂದೆ ಬರದಿದ್ದಾಗ ನಾನು ಕೈ ಎತ್ತಿದೆ.

ಮೊದಲು ದುಡ್ಡು ಕಳೆದದ್ದನ್ನು ಹೇಳುತ್ತೇನೆ. ಐಕ್ಯತೆಯ ಸಭೆ ಎಂದು ಶಾಮಿಯಾನ ಹಾಕಿಸಿ, ಶಿವಮೊಗ್ಗದಿಂದ ಭಾಷಣಕ್ಕೆ ಕರೆಸಿ, ನೂರೈವತ್ತು ಜನಕ್ಕೆ ಬಿರಿಯಾನಿ ಮಾಡಿಸಿದೆ. ಅರವತ್ತು ಜನ ಬಂದಿರಬಹುದು, ಬಿಟ್ಟು ಹೋದವರಲ್ಲಿ ಒಬ್ಬರೂ ಇಲ್ಲ. ಕಾಳುಮೆಣಸು ಮಾರಿದ ದುಡ್ಡಿನಲ್ಲಿ ಹತ್ತಿರ ಹತ್ತಿರ ಇಪ್ಪತ್ತೆರಡು ಸಾವಿರ ಹೋಯಿತು. ಆಮೇಲೆ ವಾಟ್ಸಾಪ್ ಗುಂಪು. ಮೂರು ತಿಂಗಳಲ್ಲಿ ಹಳೇ ಜಗಳವೆಲ್ಲ ಅದರೊಳಗೆ ಬಂದು ಕೂತಿತು, ಮುಚ್ಚಿದೆ. ಲಕ್ಕಿ ಡಿಪ್ ಟಿಕೆಟು ಮಾರಿಸಿದೆ. ಮಿಕ್ಸಿ ಗೆದ್ದವರು ಹಿಂದಿನ ಸಮಿತಿಯವರ ನೆಂಟರಾಗಿದ್ದರಿಂದ ಇನ್ನೊಂದು ಗುಮಾನಿ ಹುಟ್ಟಿತು. ಇವು ಯಾವುವನ್ನೂ ನೀವು ಮಾಡಬೇಡಿ.

ಕೆಲಸ ಮಾಡಿದ್ದು ಗುಂಡಿ ತೋಡುವ ತಂಡ. ಆರು ಜನ, ಮೂರೂ ಭಾಷೆಯಿಂದ ಇಬ್ಬಿಬ್ಬರು. ಎರಡು ಪಿಕಾಸಿ, ಎರಡು ಹಾರೆ, ನೀರು ಮೊಗೆಯಲು ನಾಲ್ಕು ಬಕೆಟ್ಟು, ದಪ್ಪ ಟಾರ್ಪಾಲು. ಎಲ್ಲ ಸೇರಿ ಏಳು ಸಾವಿರದೊಳಗೆ. ಮಳೆಗಾಲದಲ್ಲಿ ಮೊದಲು ಗುಂಡಿಯ ಮೇಲ್ಗಡೆ ಅಡ್ಡ ಕಾಲುವೆ ತೆಗೆದು, ಟಾರ್ಪಾಲು ಕಟ್ಟಿ, ಆಮೇಲೆ ಅಗೆಯಬೇಕು. ಪೆಟ್ಟಿಗೆ ಚರ್ಚಿನಿಂದ ಹೊರಡುವ ತನಕ ಮೊಗೆಯುವುದನ್ನು ನಿಲ್ಲಿಸಬಾರದು. ಚರ್ಚು ಬಿಟ್ಟ ಮನೆಯವರಾದರೂ ಕರೆಯುವ ಮೊದಲೇ ಹೋಗುತ್ತಿದ್ದೆವು. ಕಾಸು ತೆಗೆದುಕೊಳ್ಳುತ್ತಿರಲಿಲ್ಲ, ಕಾಫಿ ಕೊಟ್ಟರೆ ಕುಡಿಯುತ್ತಿದ್ದೆವು. ಒಂದೇ ಗುಂಡಿಯಲ್ಲಿ ಎದೆಯುದ್ದ ನಿಂತು ಬಕೆಟ್ಟು ಕೈ ಬದಲಿಸಿದವರು ಮಾರನೇ ದಿನ ಪೇಟೆಯಲ್ಲಿ ಮುಖ ತಿರುಗಿಸಿಕೊಂಡು ಹೋಗಲಾರರು. ಇದುವರೆಗೆ ಇಪ್ಪತ್ತಾರೋ ಇಪ್ಪತ್ತೇಳೋ ಗುಂಡಿ ತೋಡಿದ್ದೇವೆ. ಒಂದರಲ್ಲೂ ನೀರು ನಿಲ್ಲಲು ಬಿಟ್ಟಿಲ್ಲ. ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ.

ಲೆಕ್ಕದ್ದು ಚಿಕ್ಕ ಮಾತು. ತಿಂಗಳ ಮೊದಲ ಭಾನುವಾರ ಬಲಿಪೂಜೆ ಮುಗಿದ ಕೂಡಲೇ ಕಾಣಿಕೆ ಎಷ್ಟು, ಖರ್ಚು ಎಷ್ಟು, ಮೇಣದ ಬತ್ತಿಯದ್ದೂ ಸೇರಿಸಿ ಗಟ್ಟಿಯಾಗಿ ಓದುವುದು, ಬಾಗಿಲಿಗೆ ಅಂಟಿಸುವುದು. ಆಗಿದ್ದ ಫಾದರ್ ಮೊದಲು ಒಪ್ಪಲಿಲ್ಲ. ಆರು ತಿಂಗಳಲ್ಲಿ ಕಾಣಿಕೆ ಒಂದೂವರೆ ಪಟ್ಟು ಆದಾಗ ಒಪ್ಪಿದರು.

ಶನಿವಾರ ಸಂಜೆ ಮನೆ ಭೇಟಿ. ಬಿಟ್ಟು ಹೋದ ಮನೆಗೇ ಹೋಗಬೇಕು, ಒಬ್ಬನೇ ಹೋಗಬೇಕು, ಜಗಲಿಯಲ್ಲಿ ಅಲ್ಲ, ಅಡುಗೆಮನೆಯಲ್ಲಿ ಕೂರಬೇಕು. ಮೊದಲ ಮೂರು ಭೇಟಿಯಲ್ಲಿ ಚರ್ಚಿನ ಸುದ್ದಿ ಎತ್ತಬಾರದು. ಅಡಿಕೆಯ ಕೊಳೆರೋಗ, ಹಸು, ಮಗಳ ಕಾಲೇಜು, ಇಷ್ಟೇ. ನಾಲ್ಕನೇ ಸಲ ಒಂದು ಮಾತು ಕೇಳುತ್ತೇನೆ. ಆ ಮಾತು ಯಾವುದೆಂದು ಇಲ್ಲಿ ಬರೆಯುವುದಿಲ್ಲ. ಬರೆದರೆ ಎಲ್ಲರೂ ಅದನ್ನೇ ಕೇಳಿ ಹಾಳುಮಾಡುತ್ತಾರೆ. ಒಂದು ಮನೆಯಲ್ಲಿ ಒಬ್ಬರು ಬಾಯಮ್ಮ ಎರಡು ವರ್ಷ ನನಗೆ ಬರೀ ಬಿಸಿನೀರು ಕೊಟ್ಟರು. ಆಮೇಲೊಂದು ದಿನ ಕಾಫಿ ಬಂತು. ಅವತ್ತು ದಾರಿಯಲ್ಲಿ ಸ್ಕೂಟರ್ ನಿಲ್ಲಿಸಿ ಅತ್ತಿದ್ದೇನೆ.

ಇನ್ನು ತೆನೆಯ ಸಂಗತಿ. ಕರಾವಳಿಯಲ್ಲಿ ಸೆಪ್ಟೆಂಬರ್ ಹೊತ್ತಿಗೆ ಗದ್ದೆಯಲ್ಲಿ ತೆನೆ ಇರುತ್ತದೆ. ನಮ್ಮಲ್ಲಿ ಆಗಸ್ಟ್ ತನಕ ನಾಟಿಯೇ ನಡೆದಿರುತ್ತದೆ, ಕೊಯ್ಲು ನವೆಂಬರಿನ ಮೇಲೆ. ಹಾಗಾಗಿ ಪ್ರತಿವರ್ಷ ಉಡುಪಿ ಕಡೆಯಿಂದ ಬಸ್ಸಿಗೆ ಹಾಕಿಸಿ ತೆನೆ ತರಿಸುತ್ತಿದ್ದೆವು. ಇಲ್ಲೇ ಯಾಕೆ ಬೆಳೆಯಬಾರದು ಅನ್ನಿಸಿತು. ನೀಲಿ ಡ್ರಮ್ಮುಗಳನ್ನು ಅಡ್ಡಕ್ಕೆ ಕೊಯ್ದು, ಗದ್ದೆ ಮಣ್ಣು ತುಂಬಿ, ಬೇಗ ಬರುವ ತಳಿಯ ಬೀಜ ಮೇ ನಡುವಿಗೆ ಹಾಕಿದೆ. ಮೊದಲ ವರ್ಷ ಬರೀ ಗರಿ. ಎರಡನೇ ವರ್ಷ ತೆನೆ ಬಂತು, ಆದರೆ ಹೂ ಬಿಡುವ ಹೊತ್ತಿಗೆ ಮಳೆ ಹೊಡೆದು ಎಲ್ಲ ಜೊಳ್ಳು. ಮೂರನೇ ವರ್ಷ ಹೂವಿನ ಹೊತ್ತಿಗೆ ಸರಿಯಾಗಿ ಪ್ಲಾಸ್ಟಿಕ್ ಮರೆ ಕಟ್ಟಿದೆ. ಹಬ್ಬದ ದಿನ ಹಾಲುಗಾಳು ತುಂಬಿದ ತೆನೆ ಇತ್ತು.

ಆಗ ಹೊಳೆಯಿತು, ಡ್ರಮ್ಮು ನನ್ನ ಅಂಗಳದಲ್ಲಿ ಯಾಕಿರಬೇಕು? ಹನ್ನೆರಡು ಮನೆಗೆ ಹಂಚಿದೆ, ತಮಿಳಿನವರಿಗೂ ಮಲಯಾಳಿಗಳಿಗೂ. ತಾನು ಬೆಳೆದ ತೆನೆ ಪೀಠದ ಮುಂದೆ ಇರುವಾಗ ಮನೆಯಲ್ಲಿ ಕೂರುವವರುಂಟೇ? ಬಾವುಟದ ಕಂಬ ಈಗ ಬಾಗಿಲಿನ ಎದುರಿಗೇ ಇದೆ, ಬುಡದಲ್ಲಿ ತೆನೆ ಕಟ್ಟುತ್ತೇವೆ. ಪ್ರವೇಶ ಗೀತೆ ಕನ್ನಡದಲ್ಲಿ, ಕಾಣಿಕೆಯದ್ದು ಕೊಂಕಣಿ, ಪರಮಪ್ರಸಾದದ್ದು ತಮಿಳು. ನೋಂಪು ಮುರಿಯುವ ಊಟ ಮಲಯಾಳಿ ಅಮ್ಮಂದಿರ ಕೈಯದ್ದು.

ಹನ್ನೊಂದರಲ್ಲಿ ಒಂಬತ್ತು ಮನೆ ಬಂದಿವೆ. ಎರಡು ಮನೆಯವರು ಪೇಟೆಯ ಬೇರೆ ಪಂಗಡದ ಕ್ರೈಸ್ತ ಸಭೆಗೆ ಹೋಗುತ್ತಾರೆ, ಅವರ ಅಡುಗೆಮನೆಗೂ ಹೋಗುತ್ತಲೇ ಇದ್ದೇನೆ. ಅಪ್ಪ ತೀರಿದಾಗ ಯಾರೂ ಹೋಗಬಾರದೆಂದು ಮನೆಮನೆಗೆ ಹೇಳಿಸಿದ್ದ ಹಿರಿಯರು ಇವತ್ತಿಗೂ ನನ್ನ ಜೊತೆ ಮಾತಾಡುವುದಿಲ್ಲ. ಅವರ ಹೆಂಡತಿಯ ಗುಂಡಿಯನ್ನು ಹೋದ ವರ್ಷ ನಾವೇ ತೋಡಿದೆವು. ಈ ಮೇ ತಿಂಗಳಲ್ಲಿ ಅವರ ಮಗ ಬಂದು "ಅಪ್ಪ ಒಂದು ಡ್ರಮ್ಮು ಕೇಳಿದ್ರು" ಅಂದ. ಇದ್ದುದರಲ್ಲಿ ದೊಡ್ಡದನ್ನೇ ಕೊಟ್ಟೆ.

ತಳಿಯ ಹೆಸರು ಹೇಳುವುದಿಲ್ಲ. ಬೇಕಾದವರು ಏಪ್ರಿಲ್ ಮುಗಿಯುವುದರೊಳಗೆ ಮನೆಗೆ ಬನ್ನಿ, ಒಂದು ಸೇರು ಬೀಜ ಕೊಡುತ್ತೇನೆ, ದುಡ್ಡು ಬೇಡ.