ಗುಂಡ್ಯದಲ್ಲಿ 118, ಸಕಲೇಶಪುರದಲ್ಲಿ 38

ಮಂಗಳೂರಿನಿಂದ ಬೆಂಗಳೂರಿಗೆ ವಾಪಸ್ ಬರುತ್ತಿದ್ದೆವು. ಗುಂಡ್ಯ ದಾಟುವಾಗ ಸ್ಪೀಡೋಮೀಟರ್ ಪಕ್ಕದ ಪುಟ್ಟ ಸ್ಕ್ರೀನು 118 ಕಿ.ಮೀ. ತೋರಿಸುತ್ತಿತ್ತು. ಟ್ಯಾಂಕಿನಲ್ಲಿ ಇರುವ ಪೆಟ್ರೋಲಿಗೆ ಇನ್ನೂ ಅಷ್ಟು ದೂರ ಹೋಗಬಹುದು ಅಂತ ಲೆಕ್ಕ. ಸಕಲೇಶಪುರಕ್ಕೆ ಸುಮಾರು 40, ಅಲ್ಲಿಂದ ಹಾಸನಕ್ಕೆ ಇನ್ನೊಂದು 40. ಹಾಸನದಲ್ಲೇ ಹಾಕಿಸಿದರಾಯ್ತು ಅಂದುಕೊಂಡು ಶಿರಾಡಿ ಘಾಟಿ ಹತ್ತಿದೆ.

ಮುಂದೆ ಸಾಲು ಲಾರಿ. ಫಸ್ಟು, ಸೆಕೆಂಡು, ಮತ್ತೆ ಫಸ್ಟು. ಸ್ಕ್ರೀನಿನಲ್ಲಿ 118 ಹೋಗಿ 104 ಆಯಿತು, 87 ಆಯಿತು.

"ರೀ, ನಾವಿನ್ನೂ ಹದಿನೈದು ಕಿಲೋಮೀಟರೂ ಬಂದಿಲ್ಲ. ಅದು ಆಗಲೇ ಮೂವತ್ತು ನುಂಗ್ತು," ಅಂದಳು ಹೆಂಡತಿ.

ಏಸಿ ಆಫ್ ಮಾಡಿದೆ. ಮಾತು ಕಮ್ಮಿಯಾಯಿತು. ಸಕಲೇಶಪುರ ಮುಟ್ಟಿದಾಗ 38 ಉಳಿದಿತ್ತು. ಓಡಿದ್ದು 40, ಕಳೆದದ್ದು 80! ಸಿಕ್ಕಿದ ಮೊದಲ ಬಂಕಿಗೆ ನುಗ್ಗಿಸಿ ಫುಲ್ ಮಾಡಿಸಿದೆ. 31.2 ಲೀಟರ್ ಹಿಡಿಯಿತು. ನಮ್ಮ ಕಾರಿನ ಟ್ಯಾಂಕು 37 ಲೀಟರಿನದು. ಅಂದರೆ ಇನ್ನೂ ಆರು ಲೀಟರ್ ಹತ್ತಿರ ಇತ್ತು, ಅಲ್ವಾ? ಹಾಗಾದರೆ ಸ್ಕ್ರೀನು 38 ಅಂದದ್ದು ಯಾಕೆ?

ನನ್ನದು ಬ್ಯಾಂಕ್ ನೌಕರಿ. ಲೆಕ್ಕ ತಾಳೆಯಾಗದಿದ್ದರೆ ರಾತ್ರಿ ನಿದ್ದೆ ಬರುವುದಿಲ್ಲ. ಆಮೇಲಿನ ಮೂರು ತಿಂಗಳು ಒಂದು ಹಳೇ ಡೈರಿ ಕಾರಿನಲ್ಲೇ ಇತ್ತು.

ಮೊದಲು ತಿಳಿದದ್ದು, ಆ ಸ್ಕ್ರೀನು ತಾನಾಗಿ ಹೆಚ್ಚೇನೂ ಅಳೆಯುವುದಿಲ್ಲ. ಟ್ಯಾಂಕಿನೊಳಗೆ ಒಂದು ಫ್ಲೋಟ್ ಇರುತ್ತದೆ, ಗಾಳದ ಬೆಂಡಿನ ಹಾಗೆ ಪೆಟ್ರೋಲಿನ ಮೇಲೆ ತೇಲುತ್ತದೆ. ಅದು ಏರಿ ಇಳಿದಂತೆ ಅದರ ಕಡ್ಡಿ ಒಂದು ರೆಸಿಸ್ಟರ್ ಮೇಲೆ ಸರಿಯುತ್ತದೆ, ಕರೆಂಟಿಗೆ ಅದು ಒಡ್ಡುವ ತಡೆ ಹೆಚ್ಚು ಕಮ್ಮಿಯಾಗುತ್ತದೆ. ಪೆಟ್ರೋಲ್ ಎಷ್ಟಿದೆ ಎನ್ನುವ ಅಂದಾಜು ಅಲ್ಲಿಂದ ಬರುತ್ತದೆ. ಎಷ್ಟು ಖರ್ಚಾಗುತ್ತಿದೆ ಎನ್ನುವುದನ್ನು ಹೇಳುವುದು ಎಂಜಿನ್ನಿನ ಕಂಪ್ಯೂಟರ್, ಅಂದರೆ ಇಸಿಯು. ಎಂಜಿನ್ನಿಗೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್‌ಗಳು ಎಷ್ಟೆಷ್ಟು ಮಿಲಿಸೆಕೆಂಡು ತೆರೆದಿದ್ದವು ಅಂತ ಅದಕ್ಕೆ ಗೊತ್ತು, ಏಕೆಂದರೆ ತೆರೆಸುವುದೇ ಅದು. ವೇಗದ ಲೆಕ್ಕ ಚಕ್ರದ ಸೆನ್ಸರ್‌ಗಳದ್ದು. ಇವೆಲ್ಲ ಒಂದಕ್ಕೊಂದು ಹೆಣೆದ ಎರಡು ತಂತಿಯ ಮೇಲೆ ಓಡಾಡುತ್ತವೆ. ಬಾಷ್ ಕಂಪನಿ 1986ರಲ್ಲಿ ಹೊರತಂದ ಕ್ಯಾನ್ ಬಸ್ ಎನ್ನುವ ವ್ಯವಸ್ಥೆ ಅದು. ಅದರಲ್ಲಿ ಬಂದದ್ದನ್ನು ಕೂಡಿ ಭಾಗಿಸಿ ಸ್ಕ್ರೀನು ನಮಗೆ ತೋರಿಸುತ್ತದೆ.

ಈಗ 118 ಬಂದದ್ದು ಹೇಗೆ ನೋಡಿ. ಸಮತಟ್ಟು ರಸ್ತೆಯಲ್ಲಿ ಬಂದಿದ್ದೆ, ಲೀಟರಿಗೆ 18 ಕೊಡುತ್ತಿತ್ತು. 118 ಭಾಗಿಸು 18, ಸುಮಾರು ಆರೂವರೆ ಲೀಟರ್. ಘಾಟಿಯಲ್ಲಿ ಲೀಟರಿಗೆ 11 ಬಂದಿತು ಅಂತಿಟ್ಟುಕೊಳ್ಳಿ. 40 ಕಿ.ಮೀ.ಗೆ 3.6 ಲೀಟರ್ ಹೋಯಿತು, ಉಳಿದದ್ದು 2.9. ಈಗ ಸ್ಕ್ರೀನು ಆ 2.9 ಅನ್ನು ಹಳೇ 18ರಿಂದ ಗುಣಿಸುವುದಿಲ್ಲ. ಇತ್ತೀಚಿನ ಸರಾಸರಿ 13ಕ್ಕೆ ಇಳಿದಿದೆ, ಅದರಿಂದ ಗುಣಿಸುತ್ತದೆ. ಬಂತು ನೋಡಿ 38. ಪೆಟ್ರೋಲೂ ಕಮ್ಮಿ, ಮೈಲೇಜೂ ಕಮ್ಮಿ, ಎರಡು ಏಟು ಒಟ್ಟಿಗೆ. ಮುಂದೆ ಘಾಟಿ ಇದೆ ಅಂತ ಅದಕ್ಕೆ ಗುಂಡ್ಯದಲ್ಲಿ ಗೊತ್ತಿರಲಿಲ್ಲ. ಘಾಟಿ ಮುಗಿಯಿತು ಅಂತ ಸಕಲೇಶಪುರದಲ್ಲೂ ಗೊತ್ತಿರಲಿಲ್ಲ.

ಟ್ಯಾಂಕಿನಲ್ಲಿ ನಿಜವಾಗಿ ಇದ್ದದ್ದು 5.8, ಸ್ಕ್ರೀನು ಲೆಕ್ಕ ಹಾಕಿದ್ದು 2.9. ನಡುವಿನ ಮೂರು ಲೀಟರ್ ರಿಸರ್ವ್. ಅದನ್ನು ಅದು ಬೇಕೆಂದೇ ಬಚ್ಚಿಡುತ್ತದೆ, ನಮ್ಮಮ್ಮ ಸಾಸಿವೆ ಡಬ್ಬಿಯಲ್ಲಿ ನೋಟು ಇಡುತ್ತಿದ್ದ ಹಾಗೆ. ಹಾಗಂತ ಅದನ್ನು ನಂಬಿ ಓಡಿಸಬೇಡಿ. ಪೆಟ್ರೋಲ್ ಪಂಪು ಟ್ಯಾಂಕಿನೊಳಗೇ ಇರುತ್ತದೆ, ಪೆಟ್ರೋಲಿನಿಂದಲೇ ತಣ್ಣಗಾಗುತ್ತದೆ. ತಳ ಮುಟ್ಟುವವರೆಗೆ ಓಡಿಸಿದರೆ ಅದಕ್ಕೆ ಒಳ್ಳೆಯದಲ್ಲ.

ಆಮೇಲೆ ಸರಾಸರಿ ಮೈಲೇಜ್ ಪರೀಕ್ಷೆಗೆ ಕೂತೆ. ಒಂದೇ ಬಂಕು, ಒಂದೇ ಪಂಪು. ನಾಜಲ್ ತಾನಾಗಿ ಕಟ್ ಆದ ಮೇಲೆ ಒಂದು ಹನಿಯೂ ಬೇಡ. ಬಂಕಿನ ಹುಡುಗನಿಗೆ ಇದು ಒಪ್ಪಿಸುವುದೇ ದೊಡ್ಡ ಕೆಲಸ. "ಸಾರ್, ರೌಂಡ್ ಫಿಗರ್ ಮಾಡ್ಬಿಡ್ಲಾ?" ಅಂತ ಪ್ರತಿ ಸಲ ಕೇಳುತ್ತಿದ್ದ. ಫುಲ್ ಆದ ಕೂಡಲೇ ಓಡಿದ ದೂರ ಎಣಿಸುವ ಟ್ರಿಪ್ ಎ ಮೀಟರ್ ಸೊನ್ನೆ ಮಾಡುವುದು, ಓಡಿಸುವುದು, ಮತ್ತೆ ಅದೇ ಪಂಪಿನಲ್ಲಿ ಫುಲ್. ಮೊದಲ ಸಲ 412 ಕಿ.ಮೀ.ಗೆ 24.6 ಲೀಟರ್ ಹಿಡಿಯಿತು. ಲೀಟರಿಗೆ 16.7. ಸ್ಕ್ರೀನು ಹೇಳಿದ್ದು 18.1. ಮುಂದಿನ ಎರಡು ಸಲವೂ ಸ್ಕ್ರೀನಿನದೇ ಒಂದೂಕಾಲು, ಒಂದೂವರೆ ಜಾಸ್ತಿ. ಪ್ರತಿ ಸಲವೂ ಜಾಸ್ತಿಯೇ, ಒಮ್ಮೆಯೂ ಕಮ್ಮಿ ಇಲ್ಲ. ಇಂಜೆಕ್ಟರ್ ಲೆಕ್ಕ ಅಂದಾಜಿನದು ಅಂತ ಒಪ್ಪುತ್ತೇನೆ. ಆದರೆ ಅಂದಾಜು ಯಾವಾಗಲೂ ಕಂಪನಿಯ ಕಡೆಗೇ ಯಾಕೆ ವಾಲಬೇಕು ಅಂತ ನನ್ನ ಅನುಮಾನ. ಈಗ ಅದು ತೋರಿಸಿದ್ದರಲ್ಲಿ ನೂರಕ್ಕೆ ಎಂಟು ಕಳೆದು ಓದುತ್ತೇನೆ, ಅಷ್ಟೇ.

ಹುಚ್ಚು ಏರಿದ ಮೇಲೆ ಬ್ಲೂಟೂತ್ ಡಾಂಗಲ್ ಒಂದನ್ನೂ ತರಿಸಿದೆ. ಸ್ಟೀರಿಂಗ್ ಕೆಳಗೆ ಮೆಕ್ಯಾನಿಕ್‌ಗಳು ಕಾರಿನ ದೋಷ ಹುಡುಕಲು ಬಳಸುವ 16 ಪಿನ್ನಿನ ಓಬಿಡಿ ಸಾಕೆಟ್ ಇರುತ್ತದೆ, ಅದಕ್ಕೆ ಸಿಕ್ಕಿಸಿದರೆ ಇಸಿಯು ಹೇಳುವುದು ನೇರ ಫೋನಿನಲ್ಲಿ ಕಾಣುತ್ತದೆ. ಸ್ಪೀಡೋಮೀಟರ್ ಮುಳ್ಳು 84 ತೋರಿಸುವಾಗ ಫೋನಿನಲ್ಲಿ 80. ಜಿಪಿಎಸ್‌ನಲ್ಲೂ 80. ಕಾರಿಗೆ ನಿಜ ಗೊತ್ತಿದೆ, ನಮಗೆ ಮಾತ್ರ ನಾಲ್ಕು ಸೇರಿಸಿ ಹೇಳುತ್ತದೆ. ಇದು ಮೋಸ ಅಲ್ಲ. ವಿಶ್ವಸಂಸ್ಥೆಯ ವಾಹನ ನಿಯಮದ ಪ್ರಕಾರ ಸ್ಪೀಡೋಮೀಟರ್ ನಿಜ ವೇಗಕ್ಕಿಂತ ಕಮ್ಮಿ ತೋರಿಸಲೇಬಾರದು. ಜಾಸ್ತಿ ತೋರಿಸಬಹುದು, ನಿಜ ವೇಗದ ಹತ್ತನೇ ಒಂದು ಭಾಗ ಮತ್ತು ಮೇಲೆ 4 ಕಿ.ಮೀ.ವರೆಗೆ.

ಇನ್ನೊಂದು ವಿಷಯಕ್ಕೆ ನನ್ನ ಭಾವನ ಜೊತೆ ಪಂದ್ಯವೇ ಆಯಿತು. ಘಾಟಿ ಇಳಿಯುವಾಗ ನ್ಯೂಟ್ರಲ್‌ಗೆ ಹಾಕಿದರೆ ಪೆಟ್ರೋಲ್ ಉಳಿಯುತ್ತದೆ ಅನ್ನುವುದು ಅವರ ವಾದ. ಸ್ಕ್ರೀನನ್ನು ಕೇಳಿದರೆ ತೀರ್ಪು ಸಿಗುವುದಿಲ್ಲ, ಆ ಕ್ಷಣದ ಮೈಲೇಜಿನ ಗೀಟು ಎರಡರಲ್ಲೂ ತುದಿ ಮುಟ್ಟಿರುತ್ತದೆ. ಮುಂದಿನ ಸಲ ಶಿರಾಡಿ ಇಳಿಯುವಾಗ ಭಾವನ ಕೈಗೆ ಫೋನ್ ಕೊಟ್ಟು, ಮೂರನೇ ಗೇರಿನಲ್ಲೇ ಆಕ್ಸಿಲರೇಟರ್‌ನಿಂದ ಕಾಲು ತೆಗೆದೆ. ಆ್ಯಪಿನಲ್ಲಿ ಇಂಧನದ ಸಾಲು ಬದಲಾಗಿ, ಪೆಟ್ರೋಲ್ ಕಟ್ ಆಗಿದೆ ಅಂತ ಬಂತು. ಗಾಡಿಯ ಓಟವೇ ಎಂಜಿನ್ನನ್ನು ತಿರುಗಿಸುತ್ತಿರುತ್ತದೆ, ಇಂಜೆಕ್ಟರ್ ತೆರೆಯುವ ಅಗತ್ಯವೇ ಇರುವುದಿಲ್ಲ. ನ್ಯೂಟ್ರಲ್‌ನಲ್ಲಾದರೆ ಎಂಜಿನ್ ಆಫ್ ಆಗದಿರಲು ಸ್ವಲ್ಪ ಕುಡಿಯುತ್ತಲೇ ಇರಬೇಕು. ಬ್ರೇಕ್ ಸುಟ್ಟ ವಾಸನೆ ಬೇರೆ.

ಭಾವ ಫೋನು ವಾಪಸ್ ಕೊಟ್ಟು, "ಗುಂಡ್ಯದಲ್ಲಿ ಕಾಫಿ ನಂದೇ ಬಿಡು," ಅಂದರು. ಅಷ್ಟರಲ್ಲಿ ಸ್ಕ್ರೀನಿನ ಸಂಖ್ಯೆ 290ರಿಂದ 335ಕ್ಕೆ ಏರಿತ್ತು. ಹೆಂಡತಿ ಹಿಂದಿನ ಸೀಟಿನಿಂದ ಅದನ್ನು ನೋಡಿ, "ಮಂಗಳೂರಲ್ಲೇ ಫುಲ್ ಮಾಡಿಸ್ಕೊಂಡು ವಾಪಸ್ ಹೊರಡೋಣ," ಅಂದಳು.